ರೂಪಾಯಿಗೆ ಎಷ್ಟಾಣೆ ಹೆದರಿಕೆ?

ಉಳ್ಳಾರ್ತಿ ಕಾವಲ್ ಎಂದರೆ ಹೊರಗಿನವರಿಗೆ ಈಗ ವಿಜ್ಞಾನಿಗಳ ಜಾಗ. ನಮಗೆ ಅದು ಹುಲ್ಲಿನ ಜಾಗ. ಮೈಸೂರು ಅರಸರ ‘ಬೆಣ್ಣೆ ಚಾವಡಿ’ಗೆ ಟಿಪ್ಪು ಸುಲ್ತಾನ ‘ಅಮೃತ ಮಹಲ್’ ಎಂದು ಹೆಸರಿಟ್ಟ. ಆ ತಳಿಯ ದನಗಳಿಗೆಂದು ಬಿಟ್ಟ ಕಾವಲುಗಳ ಸಾಲಿಗೆ ಸೇರಿದ್ದು ಇದು. ನಮ್ಮ ಸುತ್ತಿನ ಹಳ್ಳಿಗಳ ಕುರಿ, ದನ ಇಲ್ಲೇ ಮೇಯುತ್ತಿದ್ದವು. 2008ರಿಂದ 2010ರ ನಡುವೆ ಚಳ್ಳಕೆರೆ ತಾಲ್ಲೂಕಿನ ಕಾವಲುಗಳಲ್ಲಿ ಸುಮಾರು ಹತ್ತು ಸಾವಿರ ಎಕರೆ ನೆಲವನ್ನು ಡಿಆರ್‌ಡಿಒ, ಭಾರತೀಯ ವಿಜ್ಞಾನ ಸಂಸ್ಥೆ, ಇಸ್ರೊ, ಭಾಭಾ ಅಣು ಸಂಶೋಧನಾ ಕೇಂದ್ರಗಳಿಗೆ ಹಂಚಿದರು. ಗೋಡೆ ಬಂತು, ಗೇಟು ಬಂತು. ಮೇವು ಹೋಯಿತೆಂಬ ತಕರಾರು ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು. ಆ ಕಥೆಯನ್ನು ಬಲ್ಲವರು ಬೇಕಾದಷ್ಟು ಬರೆದಿದ್ದಾರೆ. ನಾವು ಹೇಳಹೊರಟಿರುವುದು ಬೇರೆ ಮಾತು.

2016ರಲ್ಲಿ ಇಸ್ರೊದವರು ಇದೇ ಕಾವಲಿನಲ್ಲಿ ದೊಡ್ಡ ದೊಡ್ಡ ಗುಂಡಿ ತೋಡಿಸಿದರು. ಚಂದ್ರನ ಮೇಲೆ ಇರುವಂಥ ಕುಳಿಗಳನ್ನು ಇಲ್ಲಿ ಮಾಡಿ, ಮೇಲಿಂದ ಸಣ್ಣ ವಿಮಾನ ಹಾರಿಸಿ, ಚಂದ್ರಯಾನ-2ರ ನೌಕೆಯ ಉಪಕರಣಗಳು ತಗ್ಗು ಯಾವುದು, ಸಮತಟ್ಟು ಯಾವುದು ಎಂದು ಗುರುತಿಸುತ್ತವೆಯೇ ಎಂದು ಪರೀಕ್ಷೆ ಮಾಡಿದರು. 2019ರಲ್ಲಿ ಆ ನೌಕೆ ಚಂದ್ರನ ಮೇಲೆ ಅಪ್ಪಳಿಸಿತು. 2023ರ ಆಗಸ್ಟ್ 23ರಂದು ಅದರ ತಮ್ಮ ಚಂದ್ರಯಾನ-3 ಮೆತ್ತಗೆ ಇಳಿಯಿತು. ಅವತ್ತು ನಮ್ಮೂರಿನಲ್ಲೂ ಟೀವಿ ಮುಂದೆ ಕೂತವರು ಚಪ್ಪಾಳೆ ತಟ್ಟಿದರು. ಇಳಿಯುವ ಮುಂಚೆ ಕೆಳಗಿನ ನೆಲ ಹೇಗಿದೆ ಎಂದು ನೋಡಿಕೊಳ್ಳಬೇಕು ಎಂಬ ಬುದ್ಧಿ ಎಷ್ಟು ಸರಳ! ಆದರೆ ಇದೇ ಕಾವಲಿನ ಪಕ್ಕದ ಹಳ್ಳಿಯ ಹೆಣ್ಣುಮಗಳೊಬ್ಬಳನ್ನು ಹೆರಿಗೆಗೆಂದು ಆಪರೇಷನ್ ಟೇಬಲ್ಲಿನ ಮೇಲೆ ಮಲಗಿಸುವಾಗ, ಆಕೆಯ ಮನಸ್ಸಿನ ನೆಲ ಹೇಗಿದೆ ಎಂದು ಕೇಳುವವರು ಇದ್ದಾರೆಯೆ?

ನಾವು ನಾಲ್ವರು ಅಕ್ಕತಂಗಿಯರು. ಅದರಲ್ಲಿ ಮೂವರ ಹೊಟ್ಟೆಯ ಮೇಲೆ ಸಿಜೇರಿಯನ್ನಿನ ಗೆರೆ ಇದೆ. ನಮ್ಮ ಅಮ್ಮ ನಾಲ್ವರನ್ನೂ ಮನೆಯಲ್ಲೇ ಹೆತ್ತವರು. ನಮ್ಮ ಮಕ್ಕಳ ಕಾಲಕ್ಕೆ ‘ನಾರ್ಮಲ್ಲೋ ಆಪರೇಷನ್ನೋ’ ಎಂಬ ಪ್ರಶ್ನೆ ಸಂತೆಯಲ್ಲಿ ಸಿಕ್ಕವರೂ ಕೇಳುವ ಪ್ರಶ್ನೆಯಾಯಿತು. ಇದು ನಮ್ಮ ಮನೆಯೊಂದರ ಕಥೆಯಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 2015-16ರಲ್ಲಿ ಕರ್ನಾಟಕದ ನೂರು ಹೆರಿಗೆಗಳಲ್ಲಿ 23.6 ಸಿಜೇರಿಯನ್ ಆಗಿದ್ದವು. 2019-20ರ ಲೆಕ್ಕದಲ್ಲಿ ಅದು 31.5ಕ್ಕೆ ಏರಿತು. ಇಷ್ಟೊಂದು ಆಪರೇಷನ್ ಬೇಕೇ ಎಂಬುದು ಒಂದು ಪ್ರಶ್ನೆ, ಅದನ್ನು ಕೇಳುವವರಿದ್ದಾರೆ. ಬೇಕಾಗಿಯೋ ಬೇಡವಾಗಿಯೋ ಆಪರೇಷನ್ ಆದ ಮೇಲೆ ಆ ತಾಯಿ ಎಷ್ಟು ನೋವು ತಿನ್ನುತ್ತಾಳೆ ಎಂಬುದು ಇನ್ನೊಂದು ಪ್ರಶ್ನೆ. ಇದನ್ನು ಕೇಳುವವರು ಕಡಿಮೆ.

ನಮ್ಮಲ್ಲಿ ದೊಡ್ಡವಳು ಮೂರನೆಯ ದಿನಕ್ಕೆ ಎದ್ದು, ಮಗುವನ್ನು ತಾನೇ ಎತ್ತಿಕೊಂಡು ಓಡಾಡಿದಳು. ಎರಡನೆಯವಳಿಗೆ ಹಾಸಿಗೆಯಲ್ಲಿ ಮಗ್ಗುಲು ಬದಲಿಸುವುದೂ ಆಗಲಿಲ್ಲ. ಕೆಮ್ಮು ಬಂದರೆ ಹೊಟ್ಟೆ ಹಿಡಿದುಕೊಂಡು ಅಳುತ್ತಿದ್ದಳು. ಮಗು ಮೊಲೆಗೆ ಬಾಯಿ ಹಾಕಿದರೆ ಹಲ್ಲು ಕಚ್ಚುತ್ತಿದ್ದಳು. ಇಬ್ಬರಿಗೂ ಬೆನ್ನಿಗೆ ಸೂಜಿ, ಇಬ್ಬರಿಗೂ ಅಡ್ಡ ಗೆರೆಯ ಕೊಯ್ತ, ಇಬ್ಬರ ಹೊಲಿಗೆಯೂ ಚೆನ್ನಾಗಿ ಕೂಡಿತ್ತು, ಕೀವಿಲ್ಲ, ಜ್ವರವಿಲ್ಲ. ನೋಡಲು ಬಂದ ನೆಂಟರು “ದೊಡ್ಡವಳು ಗಟ್ಟಿ, ಇವಳು ನಾಜೂಕು” ಎಂದು ತೀರ್ಪು ಕೊಟ್ಟು ಹೋದರು. ವಾರ್ಡಿನ ಸಿಸ್ಟರ್ ಒಬ್ಬರು “ಎಲ್ಲಾರಿಗೂ ಆಗೋದೇ ಕಣಮ್ಮ, ನಿನಗೊಬ್ಬಳಿಗೇನಾ?” ಎಂದರು. ಅವಳು ಆಪರೇಷನ್ನಿಗೆ ಮುಂಚೆ ಮೂರು ರಾತ್ರಿ ಕಣ್ಣು ಮುಚ್ಚಿರಲಿಲ್ಲ ಎಂಬುದನ್ನು ಆಸ್ಪತ್ರೆಯ ಯಾವ ಕಾಗದವೂ ಕೇಳಿರಲಿಲ್ಲ. ರಕ್ತ ಎಷ್ಟು, ಬಿ.ಪಿ. ಎಷ್ಟು, ಸಕ್ಕರೆ ಎಷ್ಟು, ತೂಕ ಎಷ್ಟು ಎಲ್ಲವನ್ನೂ ಬರೆದಿದ್ದರು. ಹೆದರಿಕೆ ಎಷ್ಟು ಎಂದು ಬರೆಯಲು ಆ ಕಾಗದದಲ್ಲಿ ಜಾಗವೇ ಇರಲಿಲ್ಲ.

ಒಂದೇ ಬಗೆಯ ಕೊಯ್ತಕ್ಕೆ ಇಬ್ಬರಲ್ಲಿ ಎರಡು ಬಗೆಯ ನೋವು ಯಾಕೆ? ಈ ಪ್ರಶ್ನೆಯನ್ನು ಲೋಕದ ಅರಿವಳಿಕೆ ವೈದ್ಯರು ಬಹಳ ವರ್ಷಗಳಿಂದ ಕೇಳಿಕೊಳ್ಳುತ್ತ ಬಂದಿದ್ದಾರೆ.

ಮೊದಲು ಈ ನೋವು ಏನೆಂದು ತಿಳಿಯಬೇಕು. ಸಿಜೇರಿಯನ್ನಿನಲ್ಲಿ ಚರ್ಮದಿಂದ ಗರ್ಭಕೋಶದವರೆಗೆ ಪದರ ಪದರವಾಗಿ ಬಿಡಿಸಿ, ಮಗುವನ್ನು ತೆಗೆದು, ಮತ್ತೆ ಹೊಲಿಯುತ್ತಾರೆ. ಈಗ ಹೆಚ್ಚಿನಂಶ ಬೆನ್ನಿಗೆ ಸೂಜಿ ಕೊಟ್ಟು ಸೊಂಟದ ಕೆಳಗೆ ಮರಗಟ್ಟಿಸುವುದರಿಂದ ತಾಯಿ ಎಚ್ಚರವಾಗಿಯೇ ಇರುತ್ತಾಳೆ. ಕತ್ತರಿಯ ಸದ್ದು ಕೇಳಿಸುತ್ತದೆ, ಎಳೆದಾಡಿದ್ದು ಗೊತ್ತಾಗುತ್ತದೆ, ನೋವು ಮಾತ್ರ ಇರುವುದಿಲ್ಲ. ಒಂದೆರಡು ಗಂಟೆ ಕಳೆದು ಮದ್ದು ಇಳಿಯುತ್ತಿದ್ದಂತೆ ನೋವು ಏರುತ್ತದೆ. ಅದರಲ್ಲಿ ಎರಡು ಬಗೆ. ಕೊಯ್ದ ಜಾಗದ ನೋವು ಒಂದು. ಗರ್ಭಕೋಶ ಹಿಂಡಿಕೊಂಡು ತನ್ನ ಮೊದಲಿನ ಗಾತ್ರಕ್ಕೆ ಬರುವಾಗಿನ ನೋವು ಇನ್ನೊಂದು. ಮಗು ಹಾಲು ಕುಡಿಯುವಾಗ ಈ ಎರಡನೆಯದು ಜೋರಾಗುತ್ತದೆ. ಸುಮ್ಮನೆ ಮಲಗಿದಾಗಿನ ನೋವು ಬೇರೆ, ಎದ್ದು ಕೂರುವಾಗಿನ ನೋವು ಬೇರೆ. ಬೇರೆ ಆಪರೇಷನ್ ಆದವರಿಗೆ ಮಲಗಿರಿ ಎನ್ನುತ್ತಾರೆ. ಬಾಣಂತಿಗೆ ಅದೂ ಇಲ್ಲ, ಅಂದೇ ಹಾಲೂಡಿಸಬೇಕು, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಬೇಗ ಎದ್ದು ನಡೆಯಬೇಕು.

ಹೆದರಿಕೆ ಈ ನೋವಿನ ಒಳಗೆ ಹೇಗೆ ಸೇರಿಕೊಳ್ಳುತ್ತದೆ? ಗಾಯದಿಂದ ಹೊರಟ ಸುದ್ದಿ ನರಗಳ ದಾರಿಯಲ್ಲಿ ಬೆನ್ನುಹುರಿಗೆ, ಅಲ್ಲಿಂದ ಮಿದುಳಿಗೆ ಹೋಗುತ್ತದೆ. ಆದರೆ ಅದು ಒಮ್ಮುಖ ರಸ್ತೆಯಲ್ಲ. ಮಿದುಳಿನಿಂದಲೂ ಕೆಳಕ್ಕೆ ಅಪ್ಪಣೆ ಬರುತ್ತದೆ, ಆ ಸುದ್ದಿಯನ್ನು ತಗ್ಗಿಸು ಎಂದೋ ಏರಿಸು ಎಂದೋ. ಮನಸ್ಸು ಮೊದಲೇ ಗಾಬರಿಯಲ್ಲಿದ್ದರೆ, ನಿದ್ದೆ ಕೆಟ್ಟಿದ್ದರೆ, ಕಿವಿ ಸದಾ ಮೈಯ ಕಡೆಗೇ ಇದ್ದರೆ, ಸಣ್ಣ ಸುದ್ದಿಯೂ ದೊಡ್ಡದಾಗಿ ಕೇಳುತ್ತದೆ. ಸ್ನಾಯುಗಳು ಬಿಗಿಯುತ್ತವೆ, ಬಿಗಿದ ಹೊಟ್ಟೆ ಹೊಲಿಗೆಯನ್ನು ಎಳೆಯುತ್ತದೆ. ಹಾಗಾಗಿ ಹೆದರಿದವಳ ನೋವು ಸುಳ್ಳು ನೋವಲ್ಲ, ನಾಟಕವೂ ಅಲ್ಲ. ಅವಳ ಮೈ ನಿಜವಾಗಿಯೂ ಹೆಚ್ಚು ನೋವನ್ನು ಉಣ್ಣುತ್ತದೆ. ‘ನಾಜೂಕು’ ಎಂಬ ಮಾತು ಇದನ್ನು ಮುಚ್ಚಿಹಾಕುತ್ತದೆ.

ಹೆದರಿಕೆಯನ್ನು ಅಳೆಯುವ ಪ್ರಯತ್ನಗಳು ಹಳೆಯವು. ಅಮೆರಿಕದ ಮನಶ್ಶಾಸ್ತ್ರಜ್ಞ ಚಾರ್ಲ್ಸ್ ಸ್ಪೀಲ್‌ಬರ್ಗರ್ ಮತ್ತು ಸಂಗಡಿಗರು 1970ರಲ್ಲಿ ಪ್ರಕಟಿಸಿದ ಪ್ರಶ್ನಾವಳಿಯಲ್ಲಿ ನಲವತ್ತು ಪ್ರಶ್ನೆಗಳಿವೆ. ಇಪ್ಪತ್ತು ಈ ಗಳಿಗೆಯ ಆತಂಕದ ಬಗ್ಗೆ, ಇಪ್ಪತ್ತು ಆ ಮನುಷ್ಯನ ಸ್ವಭಾವದಲ್ಲೇ ಇರುವ ಆತಂಕದ ಬಗ್ಗೆ. ನೋವು ಬಂದಿರುವ ಬಸುರಿಯ ಮುಂದೆ ನಲವತ್ತು ಪ್ರಶ್ನೆ ಓದಲಾದೀತೆ? 1996ರಲ್ಲಿ ಹಾಲೆಂಡಿನ ಆಮ್‌ಸ್ಟರ್‌ಡ್ಯಾಮಿನ ವೈದ್ಯರು ಆರೇ ಪ್ರಶ್ನೆಗಳ ಬೇರೊಂದು ಪ್ರಶ್ನಾವಳಿಯನ್ನು ಪ್ರಕಟಿಸಿದರು. ನಾಲ್ಕು ಪ್ರಶ್ನೆ ಅರಿವಳಿಕೆ ಮತ್ತು ಆಪರೇಷನ್ನಿನ ಭಯದ ಬಗ್ಗೆ. ಉಳಿದ ಎರಡು ನಮಗೆ ತುಂಬ ಹಿಡಿಸಿದವು. ‘ಏನು ಮಾಡುತ್ತಾರೆಂದು ನನಗೆ ತಿಳಿಯಬೇಕು’ ಎಂಬ ಆಸೆ ರೋಗಿಗೆ ಎಷ್ಟಿದೆ ಎಂದು ಅವು ಕೇಳುತ್ತವೆ. ಭಯದ ಜೊತೆಗೆ ತಿಳಿವಳಿಕೆಯ ಹಸಿವನ್ನೂ ಅಳೆಯಬೇಕೆಂದು ಅವರಿಗೆ ಹೊಳೆಯಿತಲ್ಲ!

ಸಿಜೇರಿಯನ್ನಿಗೇ ಸಂಬಂಧಿಸಿದ ಕೆಲಸ ನಡೆದದ್ದು ಅಮೆರಿಕದ ನಾರ್ತ್ ಕೆರೊಲಿನಾದ ವೇಕ್ ಫಾರೆಸ್ಟ್ ವಿಶ್ವವಿದ್ಯಾಲಯದಲ್ಲಿ. ಪೀಟರ್ ಪ್ಯಾನ್ ಎಂಬ ಅರಿವಳಿಕೆ ವೈದ್ಯರು ಮತ್ತು ಸಂಗಡಿಗರು ಮುಂಚೆಯೇ ದಿನ ಗೊತ್ತುಮಾಡಿಕೊಂಡು ಸಿಜೇರಿಯನ್ನಿಗೆ ಬಂದ 34 ಹೆಂಗಸರನ್ನು ಅಭ್ಯಾಸ ಮಾಡಿ 2006ರಲ್ಲಿ ಬರೆದರು. ಆಪರೇಷನ್ನಿಗೆ ಮುಂಚಿನ ಆತಂಕ, ಚರ್ಮಕ್ಕೆ ಬಿಸಿ ತಾಕಿಸಿದಾಗ ಎಷ್ಟು ನೋವೆನ್ನುತ್ತಾರೆ ಎಂಬುದು, ಇಂಥವನ್ನೆಲ್ಲ ಸೇರಿಸಿ ನೋಡಿದರೆ ಆಮೇಲಿನ ನೋವು, ಬೇಕಾಗುವ ಔಷಧ ಒಂದು ಮಟ್ಟಿಗೆ ಮೊದಲೇ ತಿಳಿಯುತ್ತದೆ ಎಂದು ಕಂಡಿತು. ಆದರೆ ಬಿಸಿ ತಾಕಿಸುವ ಯಂತ್ರ ಎಲ್ಲ ಆಸ್ಪತ್ರೆಯಲ್ಲಿ ಎಲ್ಲಿಂದ ತರುವುದು? 2013ರಲ್ಲಿ ಅದೇ ತಂಡ ಮೂರೇ ಪ್ರಶ್ನೆಗಳಿಂದ ಈ ಕೆಲಸ ಸುಮಾರಾಗಿ ಆಗುತ್ತದೆ ಎಂದು ತೋರಿಸಿತು. ಆಪರೇಷನ್ ಬಗ್ಗೆ ನಿಮಗೆ ಎಷ್ಟು ಆತಂಕವಿದೆ? ಆಮೇಲೆ ಎಷ್ಟು ನೋವಾಗಬಹುದು ಎಂದುಕೊಂಡಿದ್ದೀರಿ? ಬೇರೆಯವರಿಗೆ ಹೋಲಿಸಿದರೆ ನಿಮಗೆ ನೋವಿನ ಔಷಧ ಹೆಚ್ಚು ಬೇಕಾಗಬಹುದೇ, ಕಡಿಮೆ ಸಾಕೇ?

ಇಷ್ಟೇ. ಯಂತ್ರ ಬೇಡ, ರಕ್ತ ಬೇಡ, ಕರೆಂಟು ಬೇಡ.

ಇದನ್ನು ಪಂಚಾಂಗದ ಹಾಗೆ ನಂಬಬಾರದು ಎಂಬುದೂ ನಿಜ. ಮೂರು ಪ್ರಶ್ನೆಗೆ ಧೈರ್ಯವಾಗಿ ಉತ್ತರ ಕೊಟ್ಟವಳು ರಾತ್ರಿ ಒದ್ದಾಡಬಹುದು. ನಡುಗುತ್ತ ಬಂದವಳು ಮರುದಿನ ಆರಾಮಾಗಿ ಕೂತಿರಬಹುದು. ನೋವಿಗೆ ಕಾರಣಗಳು ಹತ್ತಾರು, ಹೆದರಿಕೆ ಅವುಗಳಲ್ಲಿ ಒಂದು. ಆದರೆ ರಕ್ತದ ಗುಂಪನ್ನು ಬದಲಿಸಲಾಗುವುದಿಲ್ಲ, ಹುಟ್ಟಿನಿಂದ ಬಂದ ಮೈಯ ಗುಣವನ್ನೂ ಬದಲಿಸಲಾಗುವುದಿಲ್ಲ. ಹೆದರಿಕೆಯ ಜೊತೆ ಮಾತಾಡಬಹುದು. ಅದಕ್ಕೇ ಅದನ್ನು ಕೇಳಿ ತಿಳಿದುಕೊಳ್ಳುವುದರಲ್ಲಿ ಅರ್ಥವಿದೆ.

ಮೂರು ದಿನದ ನೋವಿಗೆ ಇಷ್ಟೆಲ್ಲ ರಾಮಾಯಣ ಯಾಕೆ ಎನ್ನಬಹುದು. ಅದೇ ವೇಕ್ ಫಾರೆಸ್ಟಿನ ಜೇಮ್ಸ್ ಐಸೆನಾಕ್ ಮತ್ತು ಸಂಗಡಿಗರು 2008ರಲ್ಲಿ 1,288 ತಾಯಂದಿರ ಅಭ್ಯಾಸವನ್ನು ಪ್ರಕಟಿಸಿದರು. ಹೆರಿಗೆ ಸಹಜವೋ ಸಿಜೇರಿಯನ್ನೋ ಎಂಬುದಕ್ಕಿಂತ ಹೆರಿಗೆಯ ಬೆನ್ನಿಗೇ ಆದ ನೋವು ಎಷ್ಟು ಎಂಬುದೇ ಮುಖ್ಯವೆಂದು ಅದರಲ್ಲಿ ಕಂಡಿತು. ತೀವ್ರ ನೋವು ಉಂಡವರಲ್ಲಿ ಎಂಟು ವಾರಗಳ ನಂತರವೂ ನೋವು ಉಳಿಯುವ ಸಂಭವ, ಸ್ವಲ್ಪ ನೋವಿದ್ದವರಿಗಿಂತ ಎರಡೂವರೆ ಪಟ್ಟು. ಬಾಣಂತಿಯ ಖಿನ್ನತೆಯ ಸಂಭವ ಮೂರು ಪಟ್ಟು. ‘ಮಗುವಾದ ಮೇಲೆ ಅವಳು ಮೊದಲಿನಂತಿಲ್ಲ’, ‘ಏನೋ ಗಾಳಿ ಸೋಕಿದೆ’ ಎಂದು ನಮ್ಮ ಕಡೆ ಆಡುವ ಮಾತುಗಳ ಹಿಂದೆ ಎಷ್ಟೋ ಸಲ ಯಾರೂ ಕೇಳದೆ ಉಳಿದ ನೋವು ಇರುತ್ತದೆ. ನಮ್ಮ ಎರಡನೆಯವಳು ಆರು ತಿಂಗಳು ಯಾರೊಂದಿಗೂ ನೆಟ್ಟಗೆ ಮಾತಾಡಿರಲಿಲ್ಲ.

ಈ ಪ್ರಶ್ನೆಗಳನ್ನು ನಮ್ಮ ಸೀಮೆಯಲ್ಲಿ ಯಾವ ಭಾಷೆಯಲ್ಲಿ ಕೇಳುವುದು? ‘ಆತಂಕ’ ಎಂಬುದು ಪತ್ರಿಕೆಯ ಪದ, ಯಾರ ಬಾಯಲ್ಲೂ ಇಲ್ಲ. ನಮ್ಮ ಹೆಂಗಸರು “ಎದೆ ಡವಡವ ಅಂತೈತೆ”, “ಜೀವ ಝಲ್ ಅಂತೈತೆ”, “ಕೈಕಾಲು ತಣ್ಣಗಾಗ್ತಾವೆ” ಎನ್ನುತ್ತಾರೆ. ನಮ್ಮ ಮನೆಯ ದಖ್ಖನಿಯಲ್ಲಿ “ಜೀ ಘಬರಾತಾ” ಎನ್ನುತ್ತಾರೆ. ಚಳ್ಳಕೆರೆ, ಮೊಳಕಾಲ್ಮೂರಿನ ವಾರ್ಡಿನಲ್ಲಿ ಒಂದು ಮಂಚದಲ್ಲಿ ಕನ್ನಡ, ಪಕ್ಕದ್ದರಲ್ಲಿ ತೆಲುಗು, ಅದರಾಚೆ ಲಂಬಾಣಿ. ‘ನೋವು’ ಎಂದರೆ ಮೈಯದೂ ಹೌದು, ಮನಸ್ಸಿನದೂ ಹೌದು. ಹೆರಿಗೆಯದಾದರೆ ‘ಬೇನೆ’ ಎಂಬ ಬೇರೆ ಮಾತೇ ಇದೆ. ಸೊನ್ನೆಯಿಂದ ನೂರರೊಳಗೆ ಒಂದು ಅಂಕಿ ಹೇಳು ಎಂದರೆ ಶಾಲೆಯ ಮುಖ ಕಾಣದ ಹೆಣ್ಣುಮಗಳು ಇದೇನೋ ಪರೀಕ್ಷೆ ಎಂದು ಇನ್ನಷ್ಟು ಹೆದರುತ್ತಾಳೆ.

ನಮ್ಮ ನಾನಿ ಎಲ್ಲವನ್ನೂ ಆಣೆಯಲ್ಲಿ ಅಳೆಯುತ್ತಿದ್ದರು. ಮಳೆ ಎಂಟಾಣೆ ಆಯಿತು, ಬೆಳೆ ನಾಲ್ಕಾಣೆ ಬಂತು, ಅವನ ಮಾತು ಹದಿನಾರಾಣೆ ದಿಟ. ಆಣೆಯ ನಾಣ್ಯ ಹೋಗಿ ಎಷ್ಟೋ ಕಾಲವಾದರೂ ಹಳ್ಳಿಯ ಬಾಯಲ್ಲಿ ಈ ಲೆಕ್ಕ ಇನ್ನೂ ಉಳಿದಿದೆ. “ನೋಡವ್ವಾ, ರೂಪಾಯಿಗೆ ಎಷ್ಟಾಣೆ ಹೆದರಿಕೆ ಐತೆ?” ಎಂದು ಕೇಳಿದರೆ ಹೇಳಲಾರದವರು ಯಾರಿದ್ದಾರೆ? ನಮ್ಮ ಓಣಿಯ ಬಸುರಿಯರನ್ನು ಹೀಗೆ ಮಾತಿಗೆಳೆದು ನೋಡಿದ್ದೇವೆ. ಒಬ್ಬಾಕೆ “ಹನ್ನೆರಡಾಣೆ ಅಕ್ಕ, ಉಳಿದ ನಾಲ್ಕಾಣೆ ದೇವರ ಮೇಲೆ ಭಾರ” ಎಂದಳು. ಹುಡುಗಿಯರಿಗೆ ಆಣೆ ಗೊತ್ತಿಲ್ಲದಿದ್ದರೆ ಹತ್ತು ಬೆರಳು ತೋರಿಸಬಹುದು. ನಗುವ ಮುಖದಿಂದ ಅಳುವ ಮುಖದವರೆಗೆ ಸಾಲಾಗಿ ಚಿತ್ರ ಬರೆದು ಮುಟ್ಟಿ ತೋರಿಸು ಎನ್ನಬಹುದು. ಆಸ್ಪತ್ರೆಗಳಲ್ಲಿ ನೋವನ್ನು ಅಳೆಯಲು ಇಂಥ ಮುಖಗಳ ಪಟ್ಟಿ ಬಳಕೆಯಲ್ಲಿ ಇದ್ದೇ ಇದೆ.

ಆದರೆ ಕೇಳುವುದು ಯಾರನ್ನು? ಆಸ್ಪತ್ರೆಯಲ್ಲಿ ಪ್ರಶ್ನೆ ಬಂದರೆ ಉತ್ತರ ಕೊಡುವುದು ಅತ್ತೆ, ಇಲ್ಲವೆ ಗಂಡ. ಒಪ್ಪಿಗೆಯ ಕಾಗದಕ್ಕೆ ಗಂಡನ ಸಹಿಗಾಗಿ ಹುಡುಕಾಡುತ್ತಾರೆ. ಹೊಟ್ಟೆ ಯಾರದೋ ಅವಳು ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತಾಳೆ. “ಹೆದರಿಕೆ ಏನಿಲ್ಲ ಡಾಕ್ಟ್ರೇ, ಅವಳು ಗಟ್ಟಿ” ಎಂದು ಹಿರಿಯರು ಹೇಳಿಬಿಟ್ಟರೆ ಅವಳ ಬಾಯಿ ಮುಚ್ಚಿತು. ಹಿರಿಯರು ದುವಾ ಓದಿ ಊದುತ್ತಾರೆ, ಹರಕೆ ಹೊರುತ್ತಾರೆ, ತಾಯಿತ ಕಟ್ಟುತ್ತಾರೆ. ಅದೆಲ್ಲ ಪ್ರೀತಿಯೇ. ಆ ಪ್ರೀತಿಯ ಗದ್ದಲದಲ್ಲಿ ಅವಳಿಗೆ ಮಾತಾಡಲು ಒಂದು ಗಳಿಗೆ ಬಿಡುವು ಬೇಕು. ಜೊತೆಗಿರುವವರನ್ನು ಸ್ವಲ್ಪ ಹೊರಗೆ ಕಳಿಸಿ, ಅವಳ ಕಣ್ಣು ನೋಡಿ ಕೇಳಿದರೆ ಬರುವ ಉತ್ತರವೇ ಬೇರೆ.

ಆಗ ಹೊರಬೀಳುವ ಹೆದರಿಕೆಗಳು ಎಂಥವು? ಬೆನ್ನಿಗೆ ಸೂಜಿ ಚುಚ್ಚಿದರೆ ಬದುಕಿಡೀ ಬೆನ್ನು ನೋವು ಎಂಬುದು ಬಹಳ ಮಂದಿಯದು. ಸೂಜಿ ಚುಚ್ಚಿದ ಜಾಗ ಕೆಲವು ದಿನ ನೋಯಬಹುದು. ವರ್ಷಗಟ್ಟಲೆ ಉಳಿಯುವ ಬೆನ್ನುನೋವಿಗೆ ಆ ಸೂಜಿ ಕಾರಣವೆಂದು ಅಧ್ಯಯನಗಳಲ್ಲಿ ಕಂಡುಬಂದಿಲ್ಲ. ಬಸುರಿನ ಭಾರ, ಬಗ್ಗಿ ಹಾಲೂಡಿಸುವುದು, ನೀರು ಹೊರುವುದು ಇವೆಲ್ಲ ಬೆನ್ನನ್ನು ತಿನ್ನುತ್ತವೆ. ಇನ್ನು ಕೆಲವರಿಗೆ ನಡುವೆಯೇ ಮದ್ದು ಇಳಿದುಬಿಟ್ಟರೆ ಎಂಬ ಭಯ. ಕೊಯ್ಯುವ ಮುಂಚೆ ಚಿವುಟಿ, ತಣ್ಣನೆಯದು ತಾಕಿಸಿ, ಮರಗಟ್ಟಿದೆಯೇ ಎಂದು ಪರೀಕ್ಷಿಸಿಯೇ ಶುರು ಮಾಡುತ್ತಾರೆ ಎಂದು ಹೇಳಿದರೆ ಅರ್ಧ ಭಯ ಇಳಿಯುತ್ತದೆ. ಹೆಣ್ಣು ಮಗುವಾದರೆ ಮನೆಯಲ್ಲಿ ಏನನ್ನುತ್ತಾರೋ, ಮನೆಯಲ್ಲಿ ಬಿಟ್ಟು ಬಂದ ದೊಡ್ಡ ಮಗು ಉಂಡಿತೋ ಇಲ್ಲವೋ, ಬಿಲ್ಲು ಎಷ್ಟಾಗುತ್ತದೋ ಎಂಬ ಭಯಗಳಿಗೆ ವೈದ್ಯರ ಬಳಿ ಮದ್ದಿಲ್ಲ. ಅದಕ್ಕೆ ಮನೆಯವರೇ ಮದ್ದು.

ಕೆಲವು ಹೆದರಿಕೆಗಳಿಗೆ ಗಟ್ಟಿ ಕಾರಣವೂ ಇರುತ್ತದೆ. 2024ರ ನವೆಂಬರಿನಲ್ಲಿ ಬಳ್ಳಾರಿಯ ಸರ್ಕಾರಿ ಆಸ್ಪತ್ರೆಯಲ್ಲಿ ಸಿಜೇರಿಯನ್ ಆದ ಹಲವು ತಾಯಂದಿರ ಸ್ಥಿತಿ ಒಮ್ಮೆಲೇ ಬಿಗಡಾಯಿಸಿ, ಡಿಸೆಂಬರಿನ ಮೊದಲ ವಾರದ ಹೊತ್ತಿಗೆ ಐವರು ತೀರಿಕೊಂಡರು. ರಕ್ತನಾಳಕ್ಕೆ ಹಾಕುವ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ ಸಂಶಯ ಬಂತು, ಸರ್ಕಾರ ಆ ಕಂಪನಿಯ ದ್ರಾವಣದ ಬಳಕೆಯನ್ನು ನಿಲ್ಲಿಸಿತು. ಮೊಳಕಾಲ್ಮೂರಿನವರಿಗೆ ಬಳ್ಳಾರಿ ಪರವೂರಲ್ಲ. ಸುದ್ದಿ ನಮ್ಮ ಹಳ್ಳಿಗಳಲ್ಲಿ ಕಾಳ್ಗಿಚ್ಚಿನಂತೆ ಹರಡಿತು. ನಮ್ಮಲ್ಲಿ ಮೂರನೆಯವಳಿಗೆ ಆಗ ದಿನ ತುಂಬುತ್ತಿತ್ತು. ಮೊದಲನೆಯದು ಸಿಜೇರಿಯನ್ ಆಗಿದ್ದರಿಂದ ಇದೂ ಹಾಗೇ ಎಂದು ಹೇಳಿಬಿಟ್ಟಿದ್ದರು. ಅವಳು ಅನ್ನ ಬಿಟ್ಟಳು, ನಿದ್ದೆ ಬಿಟ್ಟಳು. “ಸುಮ್ಮನೆ ಹೆದರಬೇಡ” ಎನ್ನುವ ಧೈರ್ಯ ಯಾರಿಗೂ ಬರಲಿಲ್ಲ. ಐದು ಮನೆಗಳಲ್ಲಿ ತಾಯಿಯಿಲ್ಲದ ಕೂಸುಗಳಿದ್ದಾಗ ಅದನ್ನು ಸುಮ್ಮನೆ ಎನ್ನುವುದು ಹೇಗೆ?

ಅವಳ ಅದೃಷ್ಟಕ್ಕೆ, ಆಪರೇಷನ್ನಿನ ಹಿಂದಿನ ಸಂಜೆ ಅರಿವಳಿಕೆ ವೈದ್ಯರೊಬ್ಬರು ಮಂಚದ ಬಳಿ ಕುರ್ಚಿ ಎಳೆದುಕೊಂಡು ಕೂತು, “ಏನಮ್ಮ, ಯಾವುದಕ್ಕೆ ಜಾಸ್ತಿ ಭಯ?” ಎಂದು ಕೇಳಿದರು. ಅವಳು ಒಂದೇ ಮಾತು ಹೇಳಿದಳು. “ಬಾಟ್ಲಿಗೆ.” ಅವರು ನಗಲಿಲ್ಲ, ಬೈಯಲೂ ಇಲ್ಲ. ತಮ್ಮಲ್ಲಿ ಬಳಸುವ ಬಾಟಲಿಯನ್ನೇ ತರಿಸಿ ಹೆಸರು, ತಯಾರಾದ ತಾರೀಖು ತೋರಿಸಿದರು. ಸಂಶಯಕ್ಕೆ ಬಂದದ್ದು ಬೇರೆ ಕಂಪನಿಯದು, ಅದನ್ನು ಇಲ್ಲಿ ಹಾಕುವುದಿಲ್ಲ ಎಂದರು. ನಾಳೆ ಎಷ್ಟು ಗಂಟೆಗೆ ಏನಾಗುತ್ತದೆ, ಮದ್ದು ಇಳಿದಾಗ ಹೇಗೆ ಅನಿಸುತ್ತದೆ, ನೋವಾದರೆ ಯಾರನ್ನು ಕರೆಯಬೇಕು ಎಲ್ಲ ಹೇಳಿದರು. ಹತ್ತು ನಿಮಿಷ ಆಗಿರಬಹುದು. ಆ ರಾತ್ರಿ ಅವಳು ಮಲಗಿದಳು. ಮರುದಿನ ನೋವಾಗಲಿಲ್ಲವೇ? ಆಯಿತು. “ಆದರೆ ಅವರು ಹೇಳಿದಷ್ಟೇ ಆಯಿತು, ಅದಕ್ಕೇ ತಡಕೊಂಡೆ” ಎಂದಳು. ಗೊತ್ತಿರುವ ನೋವಿಗೂ ಗೊತ್ತಿಲ್ಲದ ನೋವಿಗೂ ಇರುವ ಅಂತರ ನಮಗೆ ಅವತ್ತು ತಿಳಿಯಿತು.

ಇಲ್ಲಿ ಒಂದು ಅಪಾಯವನ್ನೂ ಹೇಳಬೇಕು. ಅಳತೆ ಒಮ್ಮೊಮ್ಮೆ ಹಣೆಪಟ್ಟಿಯಾಗುತ್ತದೆ. ‘ಹನ್ನೆರಡಾಣೆ’ ಎಂದವಳ ಕಾಗದದ ಮೇಲೆ ‘ಹೆದರುಪುಕ್ಕಿ’ ಎಂದು ಬರೆದಂತಾದರೆ, ರಾತ್ರಿ ಅವಳು ನರಳಿದಾಗ “ಅವಳದು ಯಾವಾಗಲೂ ಇದ್ದದ್ದೇ” ಎಂದು ಮಗ್ಗುಲು ಬದಲಿಸುವವರಿಗೆ ಒಂದು ನೆಪ ಸಿಗುತ್ತದೆ. ಅಂಥ ಅಳತೆ ಇಲ್ಲದಿರುವುದೇ ಮೇಲು. ಹೆದರಿಕೆ ಹೆಚ್ಚೆಂದು ತಿಳಿದ ಮೇಲೆ ಅವಳಿಗೆ ಹೆಚ್ಚು ಹೊತ್ತು ಸಿಗಬೇಕು, ಹೆಚ್ಚು ಮಾತು ಸಿಗಬೇಕು, ಬೇಕಾದರೆ ಹೆಚ್ಚು ಔಷಧ ಸಿಗಬೇಕು. ಪ್ಯಾರಾಸಿಟಮಾಲ್, ಡೈಕ್ಲೊಫಿನಾಕ್‌ನಂಥ ಮದ್ದುಗಳನ್ನು ಕೂಗಿದಾಗ ಕೊಡುವುದಕ್ಕಿಂತ, ವೈದ್ಯರು ಹೇಳಿದ ಪ್ರಮಾಣದಲ್ಲಿ ಗಡಿಯಾರ ನೋಡಿ ಹೊತ್ತುಹೊತ್ತಿಗೆ ಕೊಟ್ಟರೆ ನೋವು ತಲೆಯೆತ್ತುವ ಮುಂಚೆಯೇ ಅಡಗುತ್ತದೆ. ಈ ಎರಡೂ ಹಾಲೂಡಿಸುವ ತಾಯಿಗೆ ಕೊಡುವಂಥವೇ. ಆದರೂ ‘ಮಾತ್ರೆ ತಿಂದರೆ ಮಗುವಿಗೆ ಹಾಲಿನಲ್ಲಿ ಹೋಗುತ್ತದೆ’ ಎಂದು ಹಲ್ಲು ಕಚ್ಚಿ ಮಲಗುವ ತಾಯಂದಿರನ್ನು ನಾವು ಕಂಡಿದ್ದೇವೆ. ಮಾತ್ರೆ ತಿನ್ನದೆ ನೋವು ತಿಂದರೆ ಹಾಲೂಡಿಸುವುದೇ ಕಷ್ಟವಾಗುತ್ತದೆ ಎಂದು ಅವರಿಗೆ ಹೇಳುವವರು ಬೇಕು.

ಹತ್ತಿರವೇ ಇರುವ ಪಾವಗಡದ ಸೂಲಗಿತ್ತಿ ನರಸಮ್ಮನವರನ್ನು ಇಲ್ಲಿ ನೆನೆಯದೆ ಇರಲಾಗದು. ಸಾವಿರಾರು ಹೆರಿಗೆ ಮಾಡಿಸಿದ ಆ ತಾಯಿಗೆ 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಹಿಂದಿನ ಕಾಲವೇ ಚೆನ್ನಾಗಿತ್ತು ಎನ್ನಲು ಈ ಮಾತು ಹೇಳುತ್ತಿಲ್ಲ. ಮನೆಯ ಹೆರಿಗೆಯಲ್ಲಿ ಸತ್ತ ತಾಯಂದಿರ ಲೆಕ್ಕ ಇಟ್ಟವರಿಲ್ಲ. ಆಪರೇಷನ್ ಇಲ್ಲದಿದ್ದರೆ ನಮ್ಮ ದೊಡ್ಡವಳೂ ಇರುತ್ತಿರಲಿಲ್ಲ. ಆದರೆ ಸೂಲಗಿತ್ತಿಯರು ಒಂದು ಕೆಲಸ ಮಾಡುತ್ತಿದ್ದರು. ಬೇನೆ ಶುರುವಾದಾಗ ಬಂದು ಕೂತವರು ಮಗು ಬರುವವರೆಗೆ ಏಳುತ್ತಿರಲಿಲ್ಲ. ಬೆನ್ನು ನೀವುತ್ತ, ಮಾತಾಡಿಸುತ್ತ, ಹೆದರಿಕೆ ಎಷ್ಟಿದೆ ಎಂದು ಕೈಯಿಂದಲೇ ತಿಳಿಯುತ್ತಿದ್ದರು. ಹೀಗೆ ಜೊತೆಗೊಬ್ಬರು ಇರುವುದರ ಬೆಲೆಯನ್ನು ಈಗ ಅಂಕಿಅಂಶವೂ ಹೇಳುತ್ತದೆ. 2017ರ ಕೊಕ್ರೇನ್ ಪರಾಮರ್ಶೆ 15 ಸಾವಿರಕ್ಕೂ ಹೆಚ್ಚು ತಾಯಂದಿರನ್ನೊಳಗೊಂಡ 26 ಅಧ್ಯಯನಗಳನ್ನು ಸೇರಿಸಿ ನೋಡಿತು. ಹೆರಿಗೆಯ ಉದ್ದಕ್ಕೂ ಜೊತೆಗಾರರಿದ್ದವರಲ್ಲಿ ಸಹಜ ಹೆರಿಗೆ ಹೆಚ್ಚು, ಸಿಜೇರಿಯನ್ ಕಡಿಮೆ ಎಂದು ಕಂಡಿತು. ಕೇಂದ್ರ ಸರ್ಕಾರ ಅದೇ ವರ್ಷ ಶುರುಮಾಡಿದ ‘ಲಕ್ಷ್ಯ’ ಕಾರ್ಯಕ್ರಮವೂ ಹೆರಿಗೆ ಕೋಣೆಯಲ್ಲಿ ತಾಯಿಯ ಜೊತೆಗೊಬ್ಬರು ಇರಬೇಕೆನ್ನುತ್ತದೆ. ಆಪರೇಷನ್ ಕೋಣೆಗೆ ಮನೆಯವರನ್ನು ಬಿಡಲಾಗದಿದ್ದರೆ ಬೇಡ. ತಲೆಯ ಬಳಿ ನಿಂತ ಸಿಸ್ಟರ್ ಒಬ್ಬರು ಕೈ ಹಿಡಿದುಕೊಂಡರೆ ಅದೇ ದೊಡ್ಡದು.

ನೋವು ಆಸ್ಪತ್ರೆಯಲ್ಲೇ ಮುಗಿಯುವುದಿಲ್ಲ, ಮನೆಗೂ ಬರುತ್ತದೆ. ನಮ್ಮ ಮನೆಗಳಲ್ಲಿ ನಲವತ್ತು ದಿನದ ಚಿಲ್ಲಾ. ಆರೈಕೆ ಇರುತ್ತದೆ, ಕಟ್ಟಳೆಯೂ ಇರುತ್ತದೆ. ನೀರು ಕುಡಿದರೆ ಹೊಲಿಗೆ ಕೀವಾಗುತ್ತದೆ, ಬೇಳೆ ನಂಜು, ಸೊಪ್ಪು ಶೀತ. ನೀರು ಕಡಿಮೆಯಾದರೆ ಮಲ ಕಟ್ಟುತ್ತದೆ, ಮುಕ್ಕಿದರೆ ಹೊಲಿಗೆ ಎಳೆಯುತ್ತದೆ, ಎಳೆದರೆ ನೋವು. ಹೊಟ್ಟೆ ಕೊಯ್ದವಳಿಗೆ ನೀರು ಧಾರಾಳ ಬೇಕು. ನಮ್ಮ ಸೀಮೆಯ ಕೆಲವು ಗೊಲ್ಲರಹಟ್ಟಿಗಳಲ್ಲಿ ಬಾಣಂತಿಯನ್ನು ಸೂತಕವೆಂದು ಹಟ್ಟಿಯ ಹೊರಗೆ ಗುಡಿಸಿಲಿನಲ್ಲಿ ಇಡುವ ಪದ್ಧತಿ ಇನ್ನೂ ಪೂರಾ ಹೋಗಿಲ್ಲ. 2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ ಹೀಗೆ ಹೊರಗಿದ್ದ ತಾಯಿಯ ಹಸುಗೂಸು ತೀರಿಕೊಂಡ ಸುದ್ದಿ ನಾಡಿಗೆಲ್ಲ ಗೊತ್ತಾಯಿತು. ಆ ಸಮುದಾಯದ ಓದಿದ ಹುಡುಗ ಹುಡುಗಿಯರೇ ಇದರ ವಿರುದ್ಧ ಮಾತಾಡುತ್ತಿದ್ದಾರೆ, ಅವರ ಮಾತಿಗೆ ಬಲ ಬರಬೇಕು. ಗುಡಿಸಿಲಿನಲ್ಲಿ ಒಬ್ಬಳೇ ಮಲಗಬೇಕು ಎಂದು ಮೊದಲೇ ಗೊತ್ತಿರುವ ಬಸುರಿಗೆ ಎಷ್ಟಾಣೆ ಹೆದರಿಕೆ ಎಂದು ಆಸ್ಪತ್ರೆಯಲ್ಲಿ ಕೇಳಿದರೆ, ಅವಳು ಹೇಳುವ ಲೆಕ್ಕದಲ್ಲಿ ಆ ಗುಡಿಸಿಲೂ ಸೇರಿರುತ್ತದೆ.

ಬಸುರಿಯರ ಕೈಯಲ್ಲಿ ತಾಯಿ ಕಾರ್ಡ್ ಇದೆ. ತಿಂಗಳು ತಿಂಗಳು ಆಶಾ ಕಾರ್ಯಕರ್ತೆ ಬಾಗಿಲಿಗೆ ಬರುತ್ತಾಳೆ. ಅವಳೂ ನಮ್ಮ ಊರವಳೇ, ನಮ್ಮ ಮಾತೇ ಆಡುವವಳು. ಆ ಕಾರ್ಡಿನಲ್ಲಿ ಮೂರು ಪ್ರಶ್ನೆಗೆ ಮೂರು ಗೆರೆಯ ಜಾಗ ಮಾಡುವುದಕ್ಕೆ ಸರ್ಕಾರಕ್ಕೆ ಎಷ್ಟು ಖರ್ಚಾದೀತು? ಏಳನೆಯ ತಿಂಗಳಲ್ಲಿ ಒಮ್ಮೆ, ಆಸ್ಪತ್ರೆಗೆ ಸೇರಿದ ಸಂಜೆ ಒಮ್ಮೆ ಕೇಳಲಿ. ಎಷ್ಟು ಹೆದರಿಕೆ, ಯಾವುದರ ಹೆದರಿಕೆ, ಎಷ್ಟು ನೋವಾದೀತು ಎಂದುಕೊಂಡಿದ್ದೀ? ಬರೆದದ್ದನ್ನು ಅರಿವಳಿಕೆ ವೈದ್ಯರು ಓದಲಿ, ರಾತ್ರಿ ಪಾಳಿಯ ಸಿಸ್ಟರ್ ಕೂಡ ಓದಲಿ. ವಾರ್ಡಿನಲ್ಲಿ ಐವತ್ತು ಜನಕ್ಕೆ ಇಬ್ಬರೇ ಸಿಸ್ಟರ್ ಇದ್ದರೆ ಓದಲು ಪುರುಸೊತ್ತು ಎಲ್ಲಿ ಎಂದು ಕೇಳುವವರಿಗೆ ನಮ್ಮ ಉತ್ತರವಿಷ್ಟೆ. ಹಾಗಾದರೆ ಸಿಸ್ಟರುಗಳ ಸಂಖ್ಯೆ ಹೆಚ್ಚಿಸಿ, ಪ್ರಶ್ನೆಯನ್ನು ಕೈಬಿಡಬೇಡಿ.

ಸರ್ಕಾರ ಮಾಡುವವರೆಗೆ ಮನೆಯವರು ಕಾಯಬೇಕಾಗಿಲ್ಲ. ನಮ್ಮ ನಾಲ್ಕನೆಯವಳು, ಹೊಟ್ಟೆಯ ಮೇಲೆ ಗೆರೆಯಿಲ್ಲದವಳು, ಈಗ ಊರಿನಲ್ಲಿ ಯಾರಿಗೇ ದಿನ ತುಂಬಿದರೂ ಹೋಗಿ ಪಕ್ಕದಲ್ಲಿ ಕೂತು ಮೊದಲು ಇದನ್ನೇ ಕೇಳುತ್ತಾಳೆ. ಉತ್ತರ ಬರುವವರೆಗೆ ಸುಮ್ಮನಿರುತ್ತಾಳೆ. ಕೆಲವರು ಕೂಡಲೇ ಹೇಳುತ್ತಾರೆ, ಕೆಲವರಿಗೆ ಒಂದು ಲೋಟ ಚಹಾ ಮುಗಿಯುವಷ್ಟು ಹೊತ್ತು ಬೇಕಾಗುತ್ತದೆ.